ಮಿಂಚು ಬಂದಿದೆ, ಗುಡುಗು ಇನ್ನೂ ಬಂದಿಲ್ಲ

ಇಟಲಿಯ ವೆನಿಸ್‌ನ ಚಿತ್ರಕಾರ ಜಾರ್ಜೋನೆಯ ‘ಟೆಂಪೆಸ್ಟ್’ (ಬಿರುಮಳೆ) ಚಿತ್ರವನ್ನು ತರಗತಿಯಲ್ಲಿ ಪರದೆಗೆ ಹಾಕಿದ ಕೂಡಲೇ ಬರುವ ಪ್ರಶ್ನೆ ಒಂದೇ: “ಸಾರ್, ಆ ಹೆಂಗಸು ಯಾರು?”

ಕೇಳುವುದು ಸಹಜವೇ. ಬಲಗಡೆ ಒಬ್ಬಳು ತಾಯಿ, ಹೆಗಲ ಮೇಲೊಂದು ಬಿಳಿ ಬಟ್ಟೆ ಬಿಟ್ಟರೆ ಮೈಮೇಲೆ ಬೇರೇನೂ ಇಲ್ಲ, ಮಗುವಿಗೆ ಹಾಲು ಕುಡಿಸುತ್ತಾ ನೇರ ನಮ್ಮನ್ನೇ ನೋಡುತ್ತಿದ್ದಾಳೆ. ಎಡಗಡೆ ಉದ್ದ ಕೋಲು ಹಿಡಿದು ನಿಂತ ಯುವಕ. ನಡುವೆ ಹಳ್ಳ. ಇವರು ಆಡಮ್ ಮತ್ತು ಈವ್ ಅಂದವರಿದ್ದಾರೆ, ಗ್ರೀಕ್ ಪುರಾಣದ ಜೋಡಿ ಅಂದವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ.

ನಾನು ಹೇಳುವುದಿಷ್ಟೇ: ಐದು ನಿಮಿಷ ಅವರಿಬ್ಬರನ್ನು ಬಿಟ್ಟು ಆಕಾಶ ನೋಡಿ.

ನೀಲಿಗೆ ಹಸಿರು ಬೆರೆತ ದಟ್ಟ ಮೋಡ. ಅದನ್ನು ಸೀಳಿದ ಒಂದು ತೆಳ್ಳನೆಯ ಮಿಂಚು. ಅದರ ಕೆಳಗೆ ಸೇತುವೆಯಾಚೆಯ ಮನೆಗಳ ಗೋಡೆಗಳು ಬಿಳಿಚಿಕೊಂಡಿವೆ, ಒಂದು ಚಾವಣಿಯ ಮೇಲೆ ಪುಟ್ಟ ಬಿಳಿ ಹಕ್ಕಿ ಸುಮ್ನೆ ಕೂತಿದೆ. ಆದರೆ ಈಚೆ ದಡದಲ್ಲಿ ಬೆಳಕೇ ಬೇರೆ, ತಾಯಿಯ ಮೈಮೇಲೆ, ಹುಲ್ಲಿನ ಮೇಲೆ, ಮುರಿದ ಕಂಬಗಳ ಮೇಲೆ ಇನ್ನೂ ಬೆಚ್ಚಗಿನ ಬಿಸಿಲಿನಂಥ ಬೆಳಕಿದೆ. ಮಳೆ ಇಲ್ಲಿಗೆ ಇನ್ನೂ ತಲುಪಿಲ್ಲ. ಮಿಂಚು ಕಂಡಾಯ್ತು, ಗುಡುಗು ಕೇಳಬೇಕಷ್ಟೇ. ನಾವೆಲ್ಲ ಉಸಿರು ಬಿಗಿ ಹಿಡಿದು ಕಾಯುವ ಗಳಿಗೆ ಅದು, ಅಲ್ವಾ? ಚಿತ್ರದೊಳಗಿನ ಇಬ್ಬರೂ ಮಾತ್ರ ತಲೆಯೆತ್ತಿ ಆಕಾಶ ನೋಡುತ್ತಿಲ್ಲ. ನನಗೆ ಈ ಚಿತ್ರದ ಜೀವ ಇರುವುದೇ ಅಲ್ಲಿ.

ಇದು ಬರೀ ನನ್ನ ಅನಿಸಿಕೆಯಲ್ಲ. ಜಾರ್ಜೋನೆ ತೀರಿಕೊಂಡದ್ದು 1510ರಲ್ಲಿ. ಇಪ್ಪತ್ತು ವರ್ಷಗಳ ನಂತರ, 1530ರಲ್ಲಿ, ವೆನಿಸ್‌ನ ಕಲಾಸಂಗ್ರಾಹಕ ವೆಂದ್ರಾಮಿನ್ ಅವರ ಮನೆಯಲ್ಲಿ ಈ ಚಿತ್ರ ನೋಡಿದ ಮಾರ್ಕಾಂಟೋನಿಯೊ ಮಿಕಿಯೆಲ್ ಎಂಬ ಕಲಾಸಕ್ತ ತನ್ನ ಟಿಪ್ಪಣಿಯಲ್ಲಿ ಇದನ್ನು ಕ್ಯಾನ್ವಾಸ್ ಮೇಲಿನ ಸಣ್ಣ ನಿಸರ್ಗದೃಶ್ಯ ಎಂದು ಕರೆದ. ಆಮೇಲೆ ಬಿರುಮಳೆಯ ಮಾತು, ಕೊನೆಗೆ ಒಬ್ಬ ಜಿಪ್ಸಿ ಹೆಂಗಸು, ಒಬ್ಬ ಸೈನಿಕ. ಮಿಕಿಯೆಲ್ ಕಣ್ಣಿಗೂ ಮೊದಲು ಬಿದ್ದದ್ದು ನಿಸರ್ಗವೇ. ಇನ್ನೊಂದು ಸಂಗತಿ: 1939ರಲ್ಲಿ ಎಕ್ಸ್‌ರೇ ತೆಗೆದಾಗ ಯುವಕ ನಿಂತ ಜಾಗದ ಕೆಳಗೆ ಕೂತಿರುವ ಇನ್ನೊಬ್ಬ ಬೆತ್ತಲೆ ಹೆಂಗಸು ಕಂಡಳು. ಅಂದರೆ ಕಲಾವಿದ ಕೆಲಸದ ನಡುವೆಯೇ ಒಂದು ಪಾತ್ರವನ್ನು ತೆಗೆದು ಬೇರೆ ಪಾತ್ರ ಇಟ್ಟಿದ್ದಾನೆ. ಹೀಗಿರುವಾಗ ಒಂದೇ ಕಥೆಗೆ ಚಿತ್ರವನ್ನು ಕಟ್ಟಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಮೂಲಚಿತ್ರ ವೆನಿಸ್‌ನ ಅಕಾಡೆಮಿಯಾ ಗ್ಯಾಲರಿಯಲ್ಲಿದೆ, ಎತ್ತರ ಸುಮಾರು 82 ಸೆಂಟಿಮೀಟರ್, ಅಗಲ 73. ಮನೆಯ ಗೋಡೆಗೆ ಹಾಕಿಕೊಂಡು ಹತ್ತಿರದಿಂದ ನೋಡುವ ಅಳತೆ. ನಿಮ್ಮ ಮೊಬೈಲ್‌ನಲ್ಲೇ ಒಂದು ಸಲ ತೆರೆದು, ಮೇಲಿನ ಅರ್ಧವನ್ನು ಅಂಗೈಯಿಂದ ಮುಚ್ಚಿ. ಹೊಳೆ ದಂಡೆಯಲ್ಲಿ ದಣಿವಾರಿಸಿಕೊಳ್ಳುತ್ತಿರುವ ತಾಯಿ, ಮಗು, ಒಬ್ಬ ದಾರಿಹೋಕ, ಅಷ್ಟೇ. ಈಗ ಕೈ ತೆಗೆದು ಅವಳ ಕಣ್ಣನ್ನು ಮತ್ತೊಮ್ಮೆ ನೋಡಿ.