ಎಂಜಿನ್ ಓಟ, ಫ್ರೀಕ್ವೆನ್ಸಿ, ವೋಲ್ಟೇಜ್: ಎಲ್ಲಿ ತಪ್ಪುತ್ತೇವೆ?

ಮೊದಲು ಒಂದು ಮಾತು ತಲೆಯಲ್ಲಿ ಕೂರಲಿ. ಜನರೇಟರ್ ಸೆಟ್ಟಿನಲ್ಲಿ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಸೈಕಲ್ ಅನ್ನೋದು) ಪೂರ್ತಿ ಎಂಜಿನ್ ಕೈಯಲ್ಲಿದೆ. ವೋಲ್ಟೇಜ್ ಇಬ್ಬರ ಕೈಯಲ್ಲಿದೆ: ಒಂದು ಎಂಜಿನ್ ಓಟ, ಅಂದರೆ ತಿರುಗುವ ವೇಗ, ಇನ್ನೊಂದು ರೋಟರ್‌ನ (ತಿರುಗುವ ಭಾಗದ) ಫೀಲ್ಡ್, ಅಂದರೆ ಕಾಂತಕ್ಷೇತ್ರ. ಇವೆರಡನ್ನೂ ಕಲಸಿಕೊಂಡರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುತ್ತದೆ, ಕೆಲಸದಲ್ಲಿ ಮೋಟಾರ್ ಸುಡುತ್ತದೆ.

ಫ್ರೀಕ್ವೆನ್ಸಿ ಲೆಕ್ಕ ಸುಲಭ. ರೋಟರ್ ಕಾಂತದ ಒಂದು ಉತ್ತರ ಪೋಲ್, ಒಂದು ದಕ್ಷಿಣ ಪೋಲ್ ಕಾಯಿಲ್ ಮುಂದೆ ಹಾದುಹೋದರೆ ಒಂದು ಸೈಕಲ್. ಅಂದರೆ ಎರಡು ಪೋಲ್ ಇದ್ದರೆ ಸುತ್ತಿಗೊಂದು ಸೈಕಲ್, ನಾಲ್ಕಿದ್ದರೆ ಎರಡು. ಪೋಲ್‌ಗಳನ್ನು ಜೋಡಿಯಾಗಿ ಎಣಿಸುತ್ತೇವೆ, ಅದಕ್ಕೆ 2ರಿಂದ ಭಾಗಿಸಬೇಕು. ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕ, ಹರ್ಟ್ಜ್ ಸೆಕೆಂಡಿನ ಲೆಕ್ಕ, ಅದಕ್ಕೆ 60ರಿಂದ. ಸೂತ್ರದ 120 ಬಂದದ್ದು ಹೀಗೆ, ಸುಮ್ನೆ ಬಾಯಿಪಾಠ ಮಾಡಬೇಡಿ.

ಫ್ರೀಕ್ವೆನ್ಸಿ = ಪೋಲ್ × ಆರ್‌ಪಿಎಂ ÷ 120

ರಾಯಚೂರಿನ ಶಾಖೋತ್ಪನ್ನ ಕೇಂದ್ರದ 210 ಮೆಗಾವ್ಯಾಟ್ ಯಂತ್ರಗಳಿಗೆ ಎರಡೇ ಪೋಲ್, ಓಟ 3000. ಅಪಾರ್ಟ್‌ಮೆಂಟ್ ಹಿಂದಿನ ಡೀಸೆಲ್ ಸೆಟ್ಟಿಗೆ ಸಾಮಾನ್ಯವಾಗಿ ನಾಲ್ಕು ಪೋಲ್, 1500. ಎರಡೂ ಕೊಡುವುದು 50 ಹರ್ಟ್ಜ್.

ಲ್ಯಾಬಿನಲ್ಲಿ ಸೆಟ್ ಖಾಲಿ ಓಡುವಾಗ ಮೀಟರ್ 52 ಹರ್ಟ್ಜ್ ತೋರಿಸಿದರೆ ಗಾಬರಿ ಬೇಡ. ಹೀಟರ್‌ಗಳನ್ನು ಒಂದೊಂದಾಗಿ ಆನ್ ಮಾಡುತ್ತಾ ಹೋಗಿ, 51.5, 51, ಹೀಗೆ ಇಳಿದು ಫುಲ್ ಲೋಡಿಗೆ 50ರ ಹತ್ತಿರ ನಿಲ್ಲುತ್ತದೆ. ಎಂಜಿನ್ ಓಟ ಹಿಡಿದಿಡುವ ಮೆಕ್ಯಾನಿಕಲ್ ಗವರ್ನರ್ ಕೆಲಸ ಮಾಡುವುದೇ ಹಾಗೆ, ಓಟ ಸ್ವಲ್ಪ ಇಳಿದ ಮೇಲೇ ಅದು ಇಂಧನ ಜಾಸ್ತಿ ಬಿಡುತ್ತದೆ.

ಈಗ ವೋಲ್ಟೇಜ್. ಫೀಲ್ಡ್ ಹಾಗೇ ಇದ್ದು ಓಟ ಮಾತ್ರ 3000ದಿಂದ 2700ಕ್ಕೆ ಇಳಿದರೆ, ಖಾಲಿ ಓಡುವಾಗಿನ 230 ವೋಲ್ಟ್ 207 ಆಗುತ್ತದೆ, 50 ಹರ್ಟ್ಜ್ 45 ಆಗುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದವು, ಅಲ್ವಾ? ಹಾಗಾಗಿ ವೋಲ್ಟ್ ಭಾಗಿಸು ಹರ್ಟ್ಜ್ ಮಾಡಿದರೆ ಮೊದಲೂ 4.6, ಈಗಲೂ 4.6. ಟ್ರಾನ್ಸ್‌ಫಾರ್ಮರ್, ಮೋಟಾರ್‌ಗಳ ಕೋರ್‌ನಲ್ಲಿ (ಒಳಗಿನ ಕಬ್ಬಿಣದಲ್ಲಿ) ಎಷ್ಟು ಫ್ಲಕ್ಸ್, ಅಂದರೆ ಕಾಂತಪ್ರವಾಹ, ತುಂಬುತ್ತದೆ ಅನ್ನೋದನ್ನು ಈ ಸಂಖ್ಯೆಯೇ ತೀರ್ಮಾನಿಸುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಇಲ್ಲಿಂದ ಶುರು. ಎವಿಆರ್ (ವೋಲ್ಟೇಜನ್ನು ತಾನೇ ಸರಿಹಿಡಿಯುವ ಸಾಧನ) ಇರುವ ಸೆಟ್‌ನಲ್ಲಿ ಓಟ ಇಳಿದರೂ ಎವಿಆರ್ ಫೀಲ್ಡ್ ಕರೆಂಟ್ ಜಾಸ್ತಿ ಮಾಡಿ 230ನ್ನೇ ಹಿಡಿದಿಡಲು ನೋಡುತ್ತದೆ. ಒಳ್ಳೆಯದೇ ಅನ್ನಿಸುತ್ತದೆ. ಆದರೆ 45 ಹರ್ಟ್ಜ್‌ನಲ್ಲಿ 230 ಅಂದರೆ 5.1, ಅಂದರೆ ಕೋರ್‌ಗೆ ಸುಮಾರು 11% ಜಾಸ್ತಿ ಫ್ಲಕ್ಸ್. ಕೋರ್ ಸ್ಯಾಚುರೇಟ್ ಆಗಿ, ಅಂದರೆ ಇನ್ನು ಫ್ಲಕ್ಸ್ ಹಿಡಿಸಲಾರದಷ್ಟು ತುಂಬಿ, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ, ಇತ್ತ ಫೀಲ್ಡ್ ವೈಂಡಿಂಗೂ ಕಾಯುತ್ತದೆ. ಅದಕ್ಕೇ ಬಹಳಷ್ಟು ಎವಿಆರ್‌ಗಳಲ್ಲಿ, ಫ್ರೀಕ್ವೆನ್ಸಿ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ವೋಲ್ಟೇಜನ್ನೂ ಬೇಕಂತಲೇ ಇಳಿಸುವ ವ್ಯವಸ್ಥೆ ಇರುತ್ತದೆ. ಎಂಜಿನ್ ನಿಧಾನವಾದಾಗ ವೋಲ್ಟೇಜ್ ಬಿದ್ದರೆ ಎವಿಆರ್ ಕೆಟ್ಟಿದೆ ಅಂತ ತಕ್ಷಣ ಬಿಚ್ಚಬೇಡಿ.

ಚಿಕ್ಕ ಪೆಟ್ರೋಲ್ ಸೆಟ್‌ಗಳಲ್ಲಿ ಎಷ್ಟೋ ಸಲ ಎವಿಆರ್ ಬದಲು ಫೀಲ್ಡ್ ಹುಟ್ಟಿಸಲು ಒಂದು ಕೆಪಾಸಿಟರ್ ಇರುತ್ತದೆ. ಇವುಗಳಲ್ಲಿ ಓಟ ಸ್ವಲ್ಪ ಏರಿದರೂ ವೋಲ್ಟೇಜ್ ಅದಕ್ಕಿಂತ ಜೋರಾಗಿ ಏರುತ್ತದೆ. ನಮ್ಮ ಅತ್ತೆ ಮನೆಯ ಗೃಹಪ್ರವೇಶದಲ್ಲಿ ಇಂಥದ್ದೇ ಒಂದು ಸೆಟ್ ತಂದಿದ್ದರು. ಸಂಜೆ ಬಲ್ಬುಗಳು ಮಂಕಾದವು. ಜನರೇಟರ್ ನೋಡಿಕೊಳ್ಳುತ್ತಿದ್ದ ಅಣ್ಣ ಹೋಗಿ ಗವರ್ನರ್ ಸ್ಕ್ರೂ ತಿರುಗಿಸಿದರು. ಬೆಳಕು ಬಂತು, ಎಲ್ಲರಿಗೂ ಸಮಾಧಾನ. ನಾನು ಮೀಟರ್ ಹಿಡಿದು ನೋಡಿದರೆ 228 ವೋಲ್ಟ್, ಫ್ರೀಕ್ವೆನ್ಸಿ 55! ಆ ಲೈನಿನಲ್ಲೇ ನೀರಿನ ಪಂಪೂ ಇತ್ತು. ಫ್ರೀಕ್ವೆನ್ಸಿ ಏರಿದಂತೆ ಪಂಪಿನ ಓಟವೂ ಏರುತ್ತದೆ, ಅದು 10% ಏರಿದರೆ ಅದಕ್ಕೆ ಬೇಕಾಗುವ ಪವರ್ 1.1 × 1.1 × 1.1, ಅಂದರೆ ಸುಮಾರು 33% ಜಾಸ್ತಿ. ಮುಟ್ಟಿ ನೋಡಿದರೆ ಮೋಟಾರ್ ಮೈ ಕೈ ಇಡಲಾಗದಷ್ಟು ಕಾದಿತ್ತು.

"ಅಣ್ಣಾ, ಮೊದಲು ಹರ್ಟ್ಜ್ ಸರಿಮಾಡೋಣ, ಆಮೇಲೆ ವೋಲ್ಟ್ ನೋಡೋಣ" ಅಂದೆ. ಪಂಪ್ ಬಂದ್ ಮಾಡಿ ಸ್ಕ್ರೂ ಹಿಂದಕ್ಕೆ ತಿರುಗಿಸಿ 50ಕ್ಕೆ ತಂದಾಗ ವೋಲ್ಟೇಜ್ 190. ಓಟ ಸರಿ ಇದೆ, ವೋಲ್ಟೇಜ್ ಕಮ್ಮಿ, ಅಂದಮೇಲೆ ತಪ್ಪು ಫೀಲ್ಡ್ ಕಡೆಯದು, ಎಂಜಿನ್‌ದಲ್ಲ. ಮರುದಿನ ಅದೇ ಅಳತೆಯ ಹೊಸ ಕೆಪಾಸಿಟರ್ ಹಾಕಿದರು. ಸ್ಕ್ರೂ ಮುಟ್ಟಲೇ ಇಲ್ಲ, ಮೀಟರ್ 229 ತೋರಿಸಿತು.