ಕಾರು ನಿಲ್ಲುವ ಜಾಗದಲ್ಲಿ ಕಾರಿಗೆ ಜಾಗ

ಬೆಂಗಳೂರಿನ 30–40 ನಿವೇಶನದ ಮನೆಯೊಂದರಲ್ಲಿ ಕಾರಿಗೆಂದು ಬಿಟ್ಟ ಜಾಗ 10 ಅಡಿ ಅಗಲ, 16 ಅಡಿ ಉದ್ದ, 10 ಅಡಿ ಎತ್ತರ ಇದೆಯೆಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ತೆರಿಗೆ ರಿಯಾಯಿತಿಯ ನಿಯಮದಿಂದಾಗಿ ನಮ್ಮ ದೇಶದ ಸಣ್ಣ ಕಾರುಗಳ ಉದ್ದ 4 ಮೀಟರ್ ದಾಟುವುದಿಲ್ಲ. ಅವುಗಳ ಅಗಲ ಸುಮಾರು 1.7 ಮೀಟರ್, ಎತ್ತರ 1.5 ಮೀಟರ್. ಅಂಥ ಕಾರು ಒಳಗೆ ಬಂದು ನಿಂತಾಗ 160 ಚದರ ಅಡಿ ನೆಲದಲ್ಲಿ ಸುಮಾರು 73 ಚದರ ಅಡಿ, ಎಂದರೆ ಅರ್ಧಕ್ಕೆ ಸ್ವಲ್ಪ ಕಡಿಮೆ ಭಾಗ ಅದರ ಪಾಲಾಗುತ್ತದೆ. ಇದೇ ಲೆಕ್ಕವನ್ನು ಘನ ಅಡಿಗಳಲ್ಲಿ ಮಾಡಿದರೆ ಚಿತ್ರ ಬದಲಾಗುತ್ತದೆ: ಒಟ್ಟು 1,600 ಘನ ಅಡಿಯಲ್ಲಿ ಕಾರಿನ ಪಾಲು 360ರಷ್ಟು ಮಾತ್ರ, ಕಾಲು ಭಾಗವೂ ಇಲ್ಲ. ಉಳಿದ ಮುಕ್ಕಾಲಿಗೂ ಹೆಚ್ಚಿನ ಜಾಗ ಬಾನೆಟ್ಟಿನ ಮೇಲೆ, ಗೋಡೆಗಳ ಉದ್ದಕ್ಕೂ, ಸೂರಿನ ಕೆಳಗೆ ಖಾಲಿ ಇದೆ. ಹೀಗಿದ್ದೂ ಎಷ್ಟೋ ಮನೆಗಳ ಕಾರು ರಸ್ತೆಯಲ್ಲಿ ರಾತ್ರಿ ಕಳೆಯುತ್ತದೆ. ಒಳಗೆ ಹಳೆಯ ಟೈರು, ಉಳಿದ ಟೈಲ್ಸ್, ಬಣ್ಣದ ಡಬ್ಬಿ, ಟಿವಿ ಬಂದ ರಟ್ಟಿನ ಪೆಟ್ಟಿಗೆ, ಮಕ್ಕಳ ಸಣ್ಣ ಸೈಕಲ್ಲುಗಳು ನೆಲದ ಮೇಲೆ ಕೂತಿರುತ್ತವೆ. ನೆಲವು ಈ ಜಾಗದ ಅತ್ಯಂತ ಬೆಲೆಬಾಳುವ ಭಾಗ. ಅದನ್ನೇ ನಾವು ಅತ್ಯಂತ ಕಡಿಮೆ ಬಳಕೆಯ ವಸ್ತುಗಳಿಗೆ ಬಿಟ್ಟುಕೊಡುತ್ತೇವೆ ಎಂಬುದು ಈ ಲೇಖನದ ವಾದ.

ಇದು ಸಣ್ಣ ಮನೆಗಳವರ ತೊಂದರೆ ಎಂದುಕೊಳ್ಳಬೇಕಿಲ್ಲ. 2001ರಿಂದ 2005ರ ನಡುವೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಸಂಶೋಧಕರು 32 ಮಧ್ಯಮ ವರ್ಗದ ಕುಟುಂಬಗಳ ಮನೆಗಳನ್ನು, ಪುರಾತತ್ವಜ್ಞರು ಉತ್ಖನನದ ನೆಲೆಯನ್ನು ದಾಖಲಿಸುವಷ್ಟು ಶ್ರದ್ಧೆಯಿಂದ ದಾಖಲಿಸಿದರು. ನಮ್ಮದಕ್ಕಿಂತ ಎಷ್ಟೋ ವಿಶಾಲವಾದ ಆ ಗ್ಯಾರೇಜುಗಳಲ್ಲಿ ಮುಕ್ಕಾಲು ಪಾಲು ಕಾರು ನಿಲ್ಲಲಾಗದಷ್ಟು ತುಂಬಿದ್ದವು. ಜಾಗ ದೊಡ್ಡದಾದರೆ ಸಮಸ್ಯೆ ತೀರುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಬೇಡದ ವಸ್ತುವನ್ನೂ ಕೈಬಿಡಲು ಮನಸ್ಸಾಗದಿರುವುದಕ್ಕೆ ಅರ್ಥಶಾಸ್ತ್ರಜ್ಞರು ಒಂದು ವಿವರಣೆ ಕೊಟ್ಟಿದ್ದಾರೆ. ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಷ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಅದನ್ನು ಎಷ್ಟಕ್ಕೆ ಮಾರುವಿರಿ ಎಂದು ಕೇಳಲಾಯಿತು. ಮಗ್ ಸಿಗದವರನ್ನು ಎಷ್ಟಕ್ಕೆ ಕೊಳ್ಳುವಿರಿ ಎಂದು ಕೇಳಲಾಯಿತು. ಇದ್ದವರು ಹೇಳಿದ ಬೆಲೆ ಇಲ್ಲದವರು ಹೇಳಿದ ಬೆಲೆಯ ಸರಿಸುಮಾರು ಎರಡು ಪಟ್ಟು ಇತ್ತು. ಮಗ್ ಅವರ ಕೈಗೆ ಬಂದದ್ದು ಆಗಷ್ಟೇ. ಹತ್ತು ವರ್ಷ ಜೊತೆಗಿದ್ದ ಕೆಟ್ಟ ಮಿಕ್ಸಿಯ ವಿಷಯದಲ್ಲಿ ಈ ಮೋಹ ಇನ್ನಷ್ಟು ಬಲವಾಗಿರುವುದು ಸಹಜ. ಆದ್ದರಿಂದ ವಿಂಗಡಿಸುವಾಗ ‘ಇದು ಮುಂದೆ ಎಂದಾದರೂ ಬೇಕಾಗಬಹುದೇ?’ ಎಂದು ಕೇಳಿಕೊಂಡರೆ ಪ್ರಯೋಜನವಿಲ್ಲ, ಏಕೆಂದರೆ ಅದಕ್ಕೆ ಉತ್ತರ ಯಾವಾಗಲೂ ‘ಹೌದು’. ‘ಇದು ನಮ್ಮಲ್ಲಿ ಇಲ್ಲದಿದ್ದರೆ ಇವತ್ತು ಅಂಗಡಿಗೆ ಹೋಗಿ ಕೊಳ್ಳುತ್ತಿದ್ದೆವೇ?’ ಎಂದು ಕೇಳಿಕೊಂಡಾಗ ನಾವು ಮಗ್ ಇಲ್ಲದವರ ಸ್ಥಾನದಲ್ಲಿ ನಿಲ್ಲುತ್ತೇವೆ, ಬೆಲೆ ತಾನಾಗಿ ನಿಜದ ಹತ್ತಿರ ಬರುತ್ತದೆ. ಮನೆ ಕಟ್ಟಿಸಿದಾಗ ಉಳಿದ ಟೈಲ್ಸ್ ಈ ಪ್ರಶ್ನೆಯನ್ನು ಗೆಲ್ಲುತ್ತವೆ, ಏಕೆಂದರೆ ಅದೇ ಬಣ್ಣ, ಅದೇ ವಿನ್ಯಾಸ ಮತ್ತೆ ಸಿಗುವುದಿಲ್ಲ. ಅರ್ಧ ಚೀಲ ಸಿಮೆಂಟು ಸೋಲುತ್ತದೆ. ಗಾಳಿಯ ತೇವ ಹೀರಿ ಅದು ಕೆಲವೇ ತಿಂಗಳುಗಳಲ್ಲಿ ಬಲ ಕಳೆದುಕೊಳ್ಳುತ್ತದೆ, ಗಂಟು ಕಟ್ಟಿದ ಮೇಲೆ ಕೆಲಸಕ್ಕೆ ಬಾರದು.

ಉಳಿಸಿಕೊಂಡ ವಸ್ತುಗಳನ್ನು ಯಾವ ಕ್ರಮದಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಅತ್ಯುತ್ತಮ ಉತ್ತರ ಸಿಗುವುದು ಕಂಪ್ಯೂಟರ್ ವಿಜ್ಞಾನದಲ್ಲಿ. ಕಂಪ್ಯೂಟರಿನ ವೇಗದ ಸ್ಮೃತಿ ಚಿಕ್ಕದು, ನಿಧಾನದ ಸ್ಮೃತಿ ದೊಡ್ಡದು. ಯಾವ ಮಾಹಿತಿಯನ್ನು ಹತ್ತಿರ ಇಟ್ಟುಕೊಳ್ಳಬೇಕು, ಯಾವುದನ್ನು ದೂರ ಕಳಿಸಬೇಕು ಎಂಬುದು ಅಲ್ಲಿ ಕ್ಷಣಕ್ಷಣದ ಪ್ರಶ್ನೆ. ಐಬಿಎಂನಲ್ಲಿದ್ದ ಲಾಸ್ಲೋ ಬೆಲಾಡಿ 1966ರಲ್ಲಿ ಇದರ ಆದರ್ಶ ನಿಯಮವನ್ನು ಪರಿಶೀಲಿಸಿದರು: ಭವಿಷ್ಯದಲ್ಲಿ ಎಲ್ಲಕ್ಕಿಂತ ತಡವಾಗಿ ಬೇಕಾಗುವುದನ್ನು ಹೊರಗೆ ಹಾಕಬೇಕು. ಭವಿಷ್ಯ ಯಾರಿಗೂ ತಿಳಿಯದ್ದರಿಂದ ಅದಕ್ಕೆ ಬದಲಿಯಾಗಿ, ಬಹಳ ಕಾಲದಿಂದ ಯಾರೂ ಮುಟ್ಟದಿರುವುದನ್ನು ಹೊರಗೆ ಹಾಕುವ ವಿಧಾನ ಬಳಕೆಗೆ ಬಂತು. ಡೇನಿಯಲ್ ಸ್ಲೀಟರ್ ಮತ್ತು ರಾಬರ್ಟ್ ಟಾರ್ಜನ್ 1985ರಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಫಲಿತಾಂಶವನ್ನು ಗಣಿತದಿಂದ ತೋರಿಸಿಕೊಟ್ಟರು. ಒಂದು ಪಟ್ಟಿಯಲ್ಲಿ ಬಳಸಿದ ವಸ್ತುವನ್ನು ಪ್ರತಿ ಬಾರಿಯೂ ಮೊದಲ ಸ್ಥಾನಕ್ಕೆ ಮರಳಿಸುತ್ತ ಹೋದರೆ, ಮುಂದಿನ ಬೇಡಿಕೆಗಳೆಲ್ಲ ಮೊದಲೇ ತಿಳಿದಿರುವ ಸರ್ವಜ್ಞ ಮಾಡುವ ವ್ಯವಸ್ಥೆಗಿಂತ ಹುಡುಕಾಟದ ಖರ್ಚು ಹೆಚ್ಚೆಂದರೆ ಎರಡು ಪಟ್ಟು ಆದೀತು, ಅದನ್ನು ಮೀರದು.

ಗ್ಯಾರೇಜಿಗೆ ಇದನ್ನು ಅನ್ವಯಿಸುವುದು ಕಷ್ಟವಲ್ಲ. ಸ್ಕ್ರೂಡ್ರೈವರ್, ಸ್ಪ್ಯಾನರ್, ಗಾಳಿ ತುಂಬುವ ಪಂಪು, ಕಾರು ಒರೆಸುವ ಬಟ್ಟೆ, ಹೆಲ್ಮೆಟ್ಟುಗಳು ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ, ಮನೆಯ ಬಾಗಿಲಿಗೆ ಹತ್ತಿರದ ಗೋಡೆಯಲ್ಲಿ ಇರಬೇಕು. ವರ್ಷಕ್ಕೊಮ್ಮೆ ಇಳಿಸುವ ದಸರಾ ಗೊಂಬೆಗಳ ಪೆಟ್ಟಿಗೆ, ಹಬ್ಬದ ಸೀರಿಯಲ್ ಸೆಟ್ಟು, ಪ್ರಯಾಣದ ಸೂಟ್‌ಕೇಸುಗಳು ಏಣಿ ಹಾಕಿ ತಲುಪುವಷ್ಟು ಮೇಲಿದ್ದರೂ ಅಡ್ಡಿಯಿಲ್ಲ. ತೂಕದ್ದು ಮಾತ್ರ ಈ ನಿಯಮಕ್ಕೆ ಹೊರತು. ಅದು ಎಂದಾದರೊಮ್ಮೆ ಬೇಕಾಗುವುದಾದರೂ ಕೆಳಗೇ ಇರಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯೊಂದರ ಸೂತ್ರದ ಪ್ರಕಾರ ಎಲ್ಲವೂ ಅನುಕೂಲವಾಗಿದ್ದಾಗ ಒಬ್ಬರು ಎತ್ತಬಹುದಾದ ಮಿತಿ 23 ಕಿಲೋ. ವಸ್ತು ಮೈಯಿಂದ ದೂರವಾದಷ್ಟೂ, ತಲೆಯ ಕಡೆಗೆ ಏರಿದಷ್ಟೂ ಈ ಮಿತಿ ಇಳಿಯುತ್ತದೆ. 20 ಲೀಟರಿನ ತುಂಬಿದ ಬಣ್ಣದ ಬಕೆಟ್ಟು ಈ ಮಿತಿಯನ್ನು ನೆಲದ ಮೇಲಿರುವಾಗಲೇ ದಾಟಿರುತ್ತದೆ.

ಒಂದರ ಮೇಲೊಂದು ಪೇರಿಸುವ ಅಭ್ಯಾಸವನ್ನು ಇಲ್ಲಿ ವಿಶೇಷವಾಗಿ ವಿರೋಧಿಸಬೇಕಾಗಿದೆ. ಆರು ಪೆಟ್ಟಿಗೆಗಳನ್ನು ಪೇರಿಸಿದರೆ ಯಾವುದೋ ಒಂದನ್ನು ತೆಗೆಯಲು ಸರಾಸರಿ ಎರಡೂವರೆ ಪೆಟ್ಟಿಗೆ ಇಳಿಸಿ ಮತ್ತೆ ಏರಿಸಬೇಕು. ಅದೇ ಆರು ಪೆಟ್ಟಿಗೆಗಳು ಹಲಗೆಗಳ ಮೇಲೆ ಬಿಡಿಬಿಡಿಯಾಗಿ ಕೂತಿದ್ದರೆ ಒಂದನ್ನೂ ಇಳಿಸಬೇಕಿಲ್ಲ. ಹಾಗೆ ಇಳಿಸಿದ ಪೆಟ್ಟಿಗೆಗಳು ಮರಳಿ ಏರದೆ ಕಾರಿನ ಬದಿಯಲ್ಲೇ ಉಳಿಯುವುದರಿಂದ ಅಸ್ತವ್ಯಸ್ತತೆ ಶುರುವಾಗುತ್ತದೆ. ಪೆಟ್ಟಿಗೆಯ ಆಕಾರವೂ ಮುಖ್ಯ. ಗುಂಡನೆಯ ಡಬ್ಬಗಳನ್ನು ಸಾಲುಸಾಲಾಗಿ ಚೌಕಕ್ಕೆ ಜೋಡಿಸಿದಾಗ ಅವುಗಳ ನಡುವೆ ಸುಮಾರು 21 ಶೇಕಡಾ ಜಾಗ ವ್ಯರ್ಥವಾಗುತ್ತದೆ, ಆಯತಾಕಾರದ ಡಬ್ಬಗಳಲ್ಲಿ ಹಾಗಾಗುವುದಿಲ್ಲ.

ಹಲಗೆ ಹಾಕಿಸುವವರು ಸಾಮಾನ್ಯವಾಗಿ ಮರದ ಗುಣಮಟ್ಟದ ಬಗ್ಗೆ ಚಿಂತಿಸುತ್ತಾರೆ, ಆಧಾರಗಳ ನಡುವಿನ ದೂರದ ಬಗ್ಗೆ ಚಿಂತಿಸುವವರು ಕಡಿಮೆ. ಭೌತಶಾಸ್ತ್ರದ ಪ್ರಕಾರ ನಿಜವಾಗಿ ಚಿಂತಿಸಬೇಕಾದದ್ದು ಎರಡನೆಯದರ ಬಗ್ಗೆ. ಉದ್ದಕ್ಕೂ ಸಮನಾಗಿ ಭಾರ ಹೊತ್ತ ಹಲಗೆಯ ಬಾಗು, ಎರಡು ಆಧಾರಗಳ ನಡುವಿನ ದೂರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 4 ಅಡಿ ಹಲಗೆಯ ನಟ್ಟನಡುವೆ ಇನ್ನೊಂದು ಬ್ರ್ಯಾಕೆಟ್ ಕೊಟ್ಟು 2 ಅಡಿಯ ಎರಡು ತುಂಡಾಗಿ ಹಾಕಿದರೆ ಬಾಗು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ಹಲಗೆಯ ದಪ್ಪವನ್ನು ಎರಡರಷ್ಟು ಮಾಡಿದರೆ ಎಂಟನೆಯ ಒಂದು ಭಾಗಕ್ಕೆ ಮಾತ್ರ ಇಳಿಯುತ್ತದೆ, ಖರ್ಚೂ ಹೆಚ್ಚು. ಗೋಡೆಯಿಂದ ಹಲಗೆ ಎಷ್ಟು ಮುಂದೆ ಚಾಚಬೇಕು ಎಂಬುದಕ್ಕೂ ಸನ್ನೆಯ ನಿಯಮವೇ ಉತ್ತರ. ಬ್ರ್ಯಾಕೆಟ್ಟಿನ ಎತ್ತರ 8 ಅಂಗುಲ, ಹಲಗೆಯ ಅಗಲ 12 ಅಂಗುಲ, ಅದರ ಮೇಲಿನ ಭಾರ 30 ಕಿಲೋ ಆಗಿದ್ದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಗೆಳೆಯುವ ಬಲ ಸುಮಾರು 22 ಕಿಲೋ ತೂಕದಷ್ಟು. ಹಲಗೆಯನ್ನು 24 ಅಂಗುಲಕ್ಕೆ ಅಗಲಿಸಿದರೆ ಅಷ್ಟೇ ಭಾರಕ್ಕೆ ಎಳೆತ 45 ಕಿಲೋ ಆಗುತ್ತದೆ. ನಮ್ಮ ಹೊಸ ಕಟ್ಟಡಗಳಲ್ಲಿ ಹಾಲೋ ಬ್ಲಾಕ್ ಗೋಡೆಗಳು ಸಾಕಷ್ಟಿವೆ, ಸಾಮಾನ್ಯ ಸ್ಕ್ರೂ ಅವುಗಳ ಟೊಳ್ಳಿನಲ್ಲಿ ಹಿಡಿತ ಸಿಗದೆ ಸಡಿಲವಾಗುತ್ತದೆ. ಅಂಥ ಕಡೆ ಗೋಡೆಗೆ ಭಾರ ಹೊರಿಸದೆ ನೆಲದ ಮೇಲೆ ನಿಲ್ಲುವ ಸ್ಲಾಟೆಡ್ ಆ್ಯಂಗಲ್ (ಉದ್ದಕ್ಕೂ ರಂಧ್ರಗಳಿರುವ ಲೋಹದ ಪಟ್ಟಿ) ರ್ಯಾಕು ಹಾಕಿಸಿ, ಮುಂದಕ್ಕೆ ವಾಲದಂತೆ ಮೇಲ್ತುದಿಯನ್ನು ಮಾತ್ರ ಗೋಡೆಗೆ ಬಿಗಿಸುವುದು ಕ್ಷೇಮ. ಎಸ್.ಜೆ.ಪಿ. ರಸ್ತೆಯ ಸುತ್ತಮುತ್ತ ಬೇಕಾದ ಅಳತೆಗೆ ಆ್ಯಂಗಲ್ ಕತ್ತರಿಸಿ ಕೊಡುವ ಅಂಗಡಿಗಳಿವೆ. ಹಲಗೆಯ ಅಗಲ 12ರಿಂದ 15 ಅಂಗುಲ ಸಾಕು; ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲಿನ ವಸ್ತುಗಳು ಕಣ್ಣಿಗೆ ಬೀಳದೆ ಮರೆತುಹೋಗುತ್ತವೆ, ಮರೆತದ್ದನ್ನು ನಾವು ಎರಡನೆಯ ಬಾರಿ ಕೊಳ್ಳುತ್ತೇವೆ.

ರ್ಯಾಕಿನ ಸ್ಥಳ ನಿರ್ಧರಿಸುವ ಮೊದಲು ಕಾರನ್ನು ಒಳಗೆ ನಿಲ್ಲಿಸಿ, ಚಾಲಕರ ಬಾಗಿಲನ್ನು ಪೂರ್ತಿ ತೆರೆದು, ಅದರ ಅಂಚನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಬೇಕು. ಎಡಗಡೆಯ ಗೋಡೆಗೆ ಸರಿದು ಕಾರು ನಿಂತರೆ ಬಲಗಡೆ ಮೂರು ಅಡಿಯಷ್ಟು ಸಿಗುತ್ತದೆ. ಎದುರಿನ ಗೋಡೆಯಲ್ಲಿ ನಾಲ್ಕೂವರೆ ಅಡಿಗಿಂತ ಮೇಲೆ ಹಲಗೆ ಬಂದರೆ ಬಾನೆಟ್ಟು ಅದರ ಕೆಳಗೆ ನುಗ್ಗುತ್ತದೆ. ಮೂರು ಕಡೆ ಯಾವ ಕಾರಣಕ್ಕೂ ಏನನ್ನೂ ಇಡಬಾರದು: ಸಂಪಿನ ಮುಚ್ಚಳದ ಮೇಲೆ, ವಿದ್ಯುತ್ ಮೀಟರಿನ ಮುಂದೆ, ಮೋಟರಿನ ಸ್ವಿಚ್ಚಿನ ದಾರಿಯಲ್ಲಿ. ಅಪಾಯದ ಗಳಿಗೆಯಲ್ಲಿ ಮೇನ್ ಸ್ವಿಚ್ ತಲುಪಲು ಸಾಮಾನು ಸರಿಸುತ್ತ ನಿಲ್ಲುವಂತಾಗಬಾರದು.

ಬೆಂಗಳೂರಿನ ಹವೆಯ ಕುರಿತು ನಮಗೆಲ್ಲ ಹೆಮ್ಮೆ ಇದೆ, ಆದರೆ ಗ್ಯಾರೇಜಿನ ಮಟ್ಟಿಗೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳು ಕಠಿಣ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 60 ಶೇಕಡಾ ದಾಟಿದಾಗ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂತು ತುಕ್ಕು ವೇಗ ಪಡೆಯುತ್ತದೆ; ಮಳೆಗಾಲದ ಬೆಳಗುಗಳಲ್ಲಿ ಇಲ್ಲಿ ಆ ಗಡಿ ಸಲೀಸಾಗಿ ದಾಟುತ್ತದೆ. ಉಪಕರಣಗಳಿಗೆ ತೆಳುವಾಗಿ ಎಣ್ಣೆ ಸವರಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟರೆ ಸಾಕಾಗುತ್ತದೆ. ರಟ್ಟಿನ ಪೆಟ್ಟಿಗೆಗಳನ್ನು ಮಾತ್ರ ಪೂರ್ತಿ ಕೈಬಿಡುವುದು ಒಳ್ಳೆಯದು. ತೇವ ಹೀರಿದ ರಟ್ಟು ಮೆತ್ತಗಾಗಿ ಮೇಲಿನ ಭಾರ ತಾಳದೆ ಕುಸಿಯುತ್ತದೆ, ಜಿರಳೆಗಳು ಅದರ ಮಡಿಕೆಗಳಲ್ಲಿ ಮೊಟ್ಟೆ ಇಡುತ್ತವೆ, ಗೆದ್ದಲಿಗೆ ಅದರ ಸೆಲ್ಯುಲೋಸೇ ಆಹಾರ. ನೆಲದಿಂದ ಅರ್ಧ ಅಡಿ ಎತ್ತರಿಸಿ, ಗೋಡೆಯಿಂದ ಎರಡು ಬೆರಳು ದೂರ ಇಟ್ಟರೆ ಗೆದ್ದಲಿನ ಮಣ್ಣಿನ ದಾರಿ ಬೇಗ ಕಣ್ಣಿಗೆ ಬೀಳುತ್ತದೆ.

ಹಳೆಯ ಟೈರಿನ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿಯಿದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಕೊಳಚೆ ನೀರಿಗಿಂತ ಮನೆಯ ಸುತ್ತಲಿನ ಇಂಥ ಸಣ್ಣ ಪಾತ್ರೆಗಳ ತಿಳಿನೀರನ್ನು ಇಷ್ಟಪಡುತ್ತದೆ. ಟೈರಿನ ಒಳಮೈ ಕಪ್ಪಗೆ, ನೆರಳಾಗಿ, ನೀರು ಚೆಲ್ಲಿದರೂ ಪೂರ್ತಿ ಹೋಗದಂತೆ ಇರುತ್ತದೆ. ಈ ಸೊಳ್ಳೆ ನೀರಿನ ಅಂಚಿಗಿಂತ ತುಸು ಮೇಲೆ ಮೊಟ್ಟೆಗಳನ್ನು ಅಂಟಿಸುತ್ತದೆ, ಮತ್ತು ಆ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಬದುಕಿದ್ದು ಮುಂದಿನ ಮಳೆಯ ನೀರು ತಾಗಿದಾಗ ಒಡೆಯುತ್ತವೆ. ಹೀಗಾಗಿ ನೀರು ಚೆಲ್ಲಿದರೆ ಸಾಲದು, ಒಳಮೈಯನ್ನು ಬ್ರಷ್ಷಿನಿಂದ ಉಜ್ಜಬೇಕು. ಮೊಟ್ಟೆಯೊಡೆದ ಮರಿ ರೆಕ್ಕೆ ಬಲಿತು ಹಾರಲು ನಮ್ಮ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕಾದ್ದರಿಂದ ವಾರಕ್ಕೊಮ್ಮೆ ನೋಡುವುದು ಅಗತ್ಯ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದ್ದನ್ನು ನೆನೆದರೆ, ಬಳಸದ ಟೈರನ್ನು ಇಟ್ಟುಕೊಳ್ಳುವುದಕ್ಕೆ ಸಮರ್ಥನೆ ಉಳಿಯುವುದಿಲ್ಲ.

ಪೆಟ್ರೋಲಿನ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು ಬೇಕು. ಶೂನ್ಯಕ್ಕಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡಬಲ್ಲದು. ಆ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೇರಿ ಚದುರದೆ ನೆಲದ ಮೇಲೆ ಹರಡಿ, ತಗ್ಗಿನಲ್ಲಿ, ಎಂದರೆ ನಮ್ಮ ಮನೆಗಳಲ್ಲಿ ಸಂಪಿನ ಸುತ್ತ, ಸೇರಿಕೊಳ್ಳುತ್ತದೆ. ಪಕ್ಕದಲ್ಲೇ ಮೋಟರಿನ ಸ್ವಿಚ್ಚು ಕಿಡಿ ಹಾರಿಸಲು ಸಿದ್ಧವಾಗಿರುತ್ತದೆ. ಕ್ಯಾನಿನಲ್ಲಿ ಪೆಟ್ರೋಲು ಶೇಖರಿಸುವ ಅಭ್ಯಾಸವನ್ನೇ ಬಿಡಬೇಕು. ಥಿನ್ನರ್, ವಾರ್ನಿಷ್ ಡಬ್ಬಿಗಳಿದ್ದರೆ ಮುಚ್ಚಳ ಬಿಗಿಯಾಗಿ, ಗಾಳಿಯಾಡುವ ಕಡೆ, ಸ್ವಿಚ್ಚುಗಳಿಂದ ದೂರ ಇರಬೇಕು. ಅಗಸೆ ಎಣ್ಣೆಯಿರುವ ಪಾಲಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಗಾಳಿಯ ಆಮ್ಲಜನಕದೊಂದಿಗೆ ಎಣ್ಣೆ ವರ್ತಿಸಿ ಹುಟ್ಟುವ ಶಾಖ ಒಳಗೇ ಉಳಿದು ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿದರೆ ಈ ಅಪಾಯವಿಲ್ಲ.

ಈ ಕೆಲಸಕ್ಕೆ ಆಯುಧ ಪೂಜೆಯ ಹಿಂದಿನ ವಾರಕ್ಕಿಂತ ಒಳ್ಳೆಯ ಸಮಯ ನನಗೆ ತೋರುವುದಿಲ್ಲ. ವಾಹನ, ಸ್ಪ್ಯಾನರು, ಸುತ್ತಿಗೆಗಳನ್ನು ಹೇಗೂ ಹೊರತೆಗೆದು ತೊಳೆದು ಒರೆಸುತ್ತೇವೆ. ಗೊಂಬೆಗಳ ಪೆಟ್ಟಿಗೆಯೂ ಆಗ ಕೆಳಗಿಳಿದಿರುತ್ತದೆ. ಹೊರಹೋಗಬೇಕಾದ ಕಬ್ಬಿಣ, ಪ್ಲಾಸ್ಟಿಕ್, ಕಾಗದ ಗುಜರಿಯವರಿಗೆ ಅಥವಾ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಸಲ್ಲುತ್ತವೆ. ಹಳೆಯ ಮಿಕ್ಸಿ, ಮಾನಿಟರ್, ಕೇಬಲ್ಲುಗಳನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಮಾತ್ರ ಕೊಡಬೇಕು. ಯುಪಿಎಸ್ಸಿನ ಸೀಸ-ಆಮ್ಲದ ಬ್ಯಾಟರಿಯನ್ನು ಮೂಲೆಯಲ್ಲಿ ನಿಲ್ಲಿಸಿಡುವುದಾಗಲಿ, ಅದರ ಆಮ್ಲವನ್ನು ಮೋರಿಗೆ ಸುರಿಯುವುದಾಗಲಿ ಸಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಹೊಸ ಬ್ಯಾಟರಿ ಕೊಳ್ಳುವಾಗ ಅಂಗಡಿಯವರು ಹಳೆಯದನ್ನು ಬೆಲೆಕಟ್ಟಿ ತೆಗೆದುಕೊಳ್ಳುವ ಪದ್ಧತಿಯೂ ಇದೆ. ಒಳಗಿನ ಸೀಸವನ್ನು ಕರಗಿಸಿ ಮತ್ತೆ ಬ್ಯಾಟರಿಯ ಫಲಕಗಳನ್ನೇ ತಯಾರಿಸಲಾಗುತ್ತದೆ.