ಈ ರನ್ 300 ಕೆಲ್ವಿನ್‌ದೋ, 310ರದೋ?

ನಮ್ಮ ಲ್ಯಾಬ್‌ನ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಎರಡು ಫೋಲ್ಡರ್ ಸಿಕ್ಕವು. ಒಂದರ ಹೆಸರು ‘ಫೈನಲ್’, ಇನ್ನೊಂದರದು ‘ಫೈನಲ್ ನ್ಯೂ 2’. ಎರಡರಲ್ಲೂ ಅದೇ ಪ್ರೋಟೀನು, ಅಷ್ಟೇ ಉದ್ದದ ಸಿಮ್ಯುಲೇಷನ್, ಅಂದರೆ ಪ್ರೋಟೀನಿನ ಪರಮಾಣುಗಳು ಹೇಗೆ ಚಲಿಸುತ್ತವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ರನ್. ಆದರೆ ಒಂದರಲ್ಲಿ ಪ್ರೋಟೀನಿನ ಒಂದು ಸುರುಳಿ ಬಿಚ್ಚಿಕೊಂಡಿದೆ, ಇನ್ನೊಂದರಲ್ಲಿ ಇಲ್ಲ. ರನ್ ಹಾಕಿದ್ದ ವಿದ್ಯಾರ್ಥಿನಿ ಪಿಎಚ್‌ಡಿ ಮುಗಿಸಿ ಹೋಗಿ ಮೂರು ವರ್ಷವಾಗಿತ್ತು. ಫೋನ್ ಮಾಡಿದರೆ ಪಾಪ, ಆಕೆಗೂ ನೆನಪಿಲ್ಲ. ಆಕೆಯದೇನೂ ತಪ್ಪಿಲ್ಲ. ಬರೆದಿಡೋದನ್ನ ನಾವು ಕಲಿಸಿರಲಿಲ್ಲ.

ಆಗ ಕೈಹಿಡಿದದ್ದು, ನಾವು ಸಿಮ್ಯುಲೇಷನ್ನಿಗೆ ಬಳಸುವ ಗ್ರೋಮ್ಯಾಕ್ಸ್ ಸಾಫ್ಟ್‌ವೇರಿನ ಟಿಪಿಆರ್ ಫೈಲು. ಗ್ರೋಮ್ಯಾಕ್ಸ್‌ನಲ್ಲಿ ರನ್ ಶುರುವಾಗುವ ಮುಂಚೆ ಉಷ್ಣತೆ, ಒತ್ತಡ, ಫೋರ್ಸ್ ಫೀಲ್ಡ್‌ನ ಅಂಕಿಗಳು (ಪರಮಾಣುಗಳ ನಡುವಿನ ಬಲಗಳ ಲೆಕ್ಕ), ರ‍್ಯಾಂಡಮ್ ಸೀಡ್ (ಪರಮಾಣುಗಳ ಆರಂಭದ ವೇಗಗಳನ್ನು ಆರಿಸುವ ಸಂಖ್ಯೆ) ಎಲ್ಲವೂ ಈ ಒಂದೇ ಫೈಲಿಗೆ ಸೇರುತ್ತವೆ. ‘ಜಿಎಂಎಕ್ಸ್ ಚೆಕ್’ ಕಮಾಂಡಿಗೆ ಎರಡು ಟಿಪಿಆರ್ ಕೊಟ್ಟರೆ ವ್ಯತ್ಯಾಸವಿರುವ ಸಾಲುಗಳನ್ನಷ್ಟೇ ತೋರಿಸುತ್ತದೆ. ಒಂದರಲ್ಲಿ 300 ಕೆಲ್ವಿನ್, ಇನ್ನೊಂದರಲ್ಲಿ 310. ಒಂದು ಕೋಣೆಯ ಉಷ್ಣತೆ, ಇನ್ನೊಂದು ಮೈ ಉಷ್ಣತೆ. ಎರಡು ನಿಮಿಷದಲ್ಲಿ ಸಿಕ್ಕ ಈ ಉತ್ತರಕ್ಕೆ ನಾವು ಅದಾಗಲೇ ಎರಡು ವಾರ ಕಳೆದಿದ್ದೆವು.

ಡೇಟಾ ಅಂದ ತಕ್ಷಣ ಎಲ್ಲರಿಗೂ ಟ್ರಾಜೆಕ್ಟರಿಯದೇ, ಅಂದರೆ ಪರಮಾಣುಗಳ ಸ್ಥಾನಗಳನ್ನು ಹೆಜ್ಜೆಹೆಜ್ಜೆಗೆ ದಾಖಲಿಸಿದ ಫೈಲಿನದೇ ಚಿಂತೆ. ಚಿಂತೆಗೆ ಕಾರಣವೂ ಇದೆ. 1977ರಲ್ಲಿ ಮೊದಲ ಸಲ ಒಂದು ಪ್ರೋಟೀನನ್ನು ಹೀಗೆ ಓಡಿಸಿದಾಗ ಸಿಮ್ಯುಲೇಷನ್ ಹತ್ತು ಪಿಕೋಸೆಕೆಂಡ್ ಕೂಡ ಇರಲಿಲ್ಲ. ಈಗ ಒಂದು ಮೈಕ್ರೋಸೆಕೆಂಡ್ (10 ಲಕ್ಷ ಪಿಕೋಸೆಕೆಂಡ್) ಅಂದರೆ ಯಾರೂ ಹುಬ್ಬೇರಿಸಲ್ಲ. 1 ಲಕ್ಷ ಪರಮಾಣುಗಳಿವೆ ಅನ್ನಿ. ಒಂದೊಂದರ ಸ್ಥಾನಕ್ಕೂ 12 ಬೈಟ್. 10 ಪಿಕೋಸೆಕೆಂಡಿಗೊಮ್ಮೆ ಉಳಿಸಿದರೆ 1 ಲಕ್ಷ ಫ್ರೇಮು. ಒಟ್ಟು 120 ಜಿಬಿ. ಟಿಆರ್‌ಆರ್ ಫೈಲಿನಲ್ಲಿ ವೇಗಗಳನ್ನೂ ಉಳಿಸಿದರೆ ಅದರ ಎರಡರಷ್ಟು. ಎಕ್ಸ್‌ಟಿಸಿ ಫೈಲಾದರೆ ಸ್ಥಾನವನ್ನು ನ್ಯಾನೋಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕೆ ಸರಿಹೊಂದಿಸಿ ಒತ್ತಿ ಇಡುತ್ತದೆ, ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಬಹುತೇಕ ವಿಶ್ಲೇಷಣೆಗೆ ಇಷ್ಟು ಸಾಕೇ ಸಾಕು.

ಪ್ರೋಟೀನಿನ ಸುತ್ತಲಿನ ನೀರನ್ನು ಬಿಟ್ಟು ಬರೀ ಪ್ರೋಟೀನ್ ಉಳಿಸಿದರೆ ಇನ್ನೂ ಚಿಕ್ಕದಾಗುತ್ತದೆ. ಆದರೆ ಸುಮ್ನೆ ಬಿಡಬೇಡಿ. ಔಷಧದ ಅಣು ಕೂರುವ ಗೂಡಿನ ಬಗ್ಗೆ ಕೆಲಸ ಮಾಡುತ್ತಿದ್ದರೆ ಅಲ್ಲಿರುವ ಒಂದೆರಡು ನೀರಿನ ಅಣುಗಳೇ ಮುಖ್ಯವಾಗಬಹುದು. ಬಿಟ್ಟರೆ ಟಿಪಿಆರ್‌ನ್ನೂ ‘ಕನ್ವರ್ಟ್-ಟಿಪಿಆರ್’ ಕಮಾಂಡಿನಿಂದ ಹಾಗೆಯೇ ಕತ್ತರಿಸಿ ಒಂದು ಪ್ರತಿ ಇಡಿ. ಇಲ್ಲದಿದ್ದರೆ ಮುಂದೊಂದು ದಿನ ಟ್ರಾಜೆಕ್ಟರಿ ವಿಶ್ಲೇಷಿಸುವ ಎಂಡಿಅನಾಲಿಸಿಸ್‌ನಲ್ಲಿ ತೆರೆದಾಗ ಪರಮಾಣುಗಳ ಲೆಕ್ಕ ತಾಳೆಯಾಗಲ್ಲ ಅಂತ ನಿಂತುಬಿಡುತ್ತದೆ. ಮೂಲ ಟಿಪಿಆರ್ ಮಾತ್ರ ಅಳಿಸಲೇಬೇಡಿ.

ಫೋಲ್ಡರ್ ಹೆಸರಿನ ತಾಪತ್ರಯಕ್ಕೆ ನಾವು ಈಗ ಬಳಸುತ್ತಿರುವುದು ಸಿಗ್ನಾಕ್. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪೈಥಾನ್ ಟೂಲು, ಉಚಿತ. ಇಲ್ಲಿ ಫೋಲ್ಡರಿಗೆ ನೀವು ಹೆಸರಿಡುವುದೇ ಇಲ್ಲ. ಉಷ್ಣತೆ 310, ಸೀಡ್ 2 ಅಂತ ಹೇಳಿದರೆ ಅದರಿಂದಲೇ 32 ಅಕ್ಷರದ ಗುರುತು ಹುಟ್ಟಿಸಿ ಆ ಹೆಸರಿನ ಫೋಲ್ಡರ್ ಮಾಡುತ್ತದೆ. ಒಳಗೆ ಒಂದು ಚಿಕ್ಕ ಜೇಸನ್ (ಸಾದಾ ಪಠ್ಯದ) ಫೈಲಿನಲ್ಲಿ ಅದೇ ವಿವರ ಇರುತ್ತದೆ. ಯಾರಾದರೂ ಮತ್ತೆ 310, ಸೀಡ್ 2 ಅಂದರೆ ಅದೇ ಫೋಲ್ಡರಿಗೆ ಕರೆದೊಯ್ಯುತ್ತದೆ, ಎರಡನೆಯದು ಹುಟ್ಟುವುದಿಲ್ಲ. ಸರ್ವರ್ ಬೇಡ, ಡೇಟಾಬೇಸ್ ಬೇಡ. ಕ್ಲಸ್ಟರಿನ ಮಾಮೂಲಿ ಡಿಸ್ಕಿನಲ್ಲೇ ನಡೆಯುತ್ತದೆ. ಇಂಥದ್ದೇ ಇನ್ನೊಂದು ಟೂಲು ಐಡಾ ಇದಕ್ಕಿಂತ ಬಲವಾದದ್ದು, ಯಾವ ಫೈಲು ಯಾವುದರಿಂದ ಬಂತು ಅನ್ನುವ ಇಡೀ ಸರಪಳಿಯನ್ನೇ ಹಿಡಿದಿಡುತ್ತದೆ. ಆದರೆ ಅದನ್ನು ಕಟ್ಟಿ ನಿಲ್ಲಿಸುವ ಕೆಲಸ ಜಾಸ್ತಿ. ನಾಲ್ಕೈದು ಜನರ ಗುಂಪಿಗೆ ನಾನು ಸಿಗ್ನಾಕನ್ನೇ ಹೇಳುತ್ತೇನೆ.

ಪ್ರಬಂಧದ ಜೊತೆ ಡೇಟಾ ಹಂಚಲು ಝೆನೋಡೋ ಎಂಬ ಆನ್‌ಲೈನ್ ಭಂಡಾರ ಇದೆ, ನಡೆಸುವುದು ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್. ಒಂದು ದಾಖಲೆಗೆ ಸಾಮಾನ್ಯವಾಗಿ 50 ಜಿಬಿ ಮಿತಿ. ಜಾಗ ಸಾಲದಿದ್ದರೆ ಟ್ರಾಜೆಕ್ಟರಿಯ ಫ್ರೇಮುಗಳನ್ನು ಕಡಿಮೆ ಮಾಡಿ. ಟಿಪಿಆರ್, ಎಂಡಿಪಿ (ರನ್ನಿನ ಸೆಟ್ಟಿಂಗುಗಳ ಫೈಲು), ಟೋಪಾಲಜಿ (ಯಾವ ಪರಮಾಣು ಯಾವುದಕ್ಕೆ ಅಂಟಿದೆ ಅನ್ನುವ ವಿವರ), ಮೊದಲ ರಚನೆ, ಲಾಗ್ ಫೈಲು ಇಷ್ಟನ್ನಂತೂ ಪೂರ್ತಿ ಹಾಕಿ. ಬರೀ ಟಿಪಿಆರ್ ಸಾಲದು, ಹೊಸ ಆವೃತ್ತಿಯಲ್ಲಿ ಮಾಡಿದ್ದನ್ನು ಹಳೆಯ ಗ್ರೋಮ್ಯಾಕ್ಸ್ ಓದುವುದಿಲ್ಲ. ಎಂಡಿಪಿ ಸಾದಾ ಪಠ್ಯ, ಯಾವ ಕಾಲಕ್ಕೂ ತೆರೆದು ಓದಬಹುದು. ಕಳೆದ ತಿಂಗಳು ‘ಫೈನಲ್’ ಮತ್ತು ‘ಫೈನಲ್ ನ್ಯೂ 2’ ಎರಡನ್ನೂ ಹಾಗೆಯೇ ಜೋಡಿಸಿ ಸಿಗ್ನಾಕ್‌ಗೆ ಸೇರಿಸಿದೆವು. ಈಗ 310 ಅಂತ ಹುಡುಕಿದರೆ ಒಂದೇ ಒಂದು ಬರುತ್ತದೆ.